ಕೆಂಪಂಗಿ ತೊಟ್ಟ ನೀಲಿಹಕ್ಕಿಗಳು

ಮೊನ್ನೆ ರಾತ್ರಿ ಬಿಲ್ಡ್ ಮುಗಿಯಲಿ ಅಂತ ಕಾಯ್ತಾ ಕೂತಿದ್ದಾಗ ಯೂಟ್ಯೂಬಿನಲ್ಲಿ ವಿನ್ಸೆಂಟ್ ಟ್ಯಾನ್ ಸಿಕ್ಕಿದರು. ಎದೆಯವರೆಗೆ ಏರಿಸಿದ ಪ್ಯಾಂಟು, ಕೈಗೆ ಕಪ್ಪು ಗ್ಲೌಸು, ಶರ್ಟು-ಟೈ ಮೇಲೊಂದು ಕೆಂಪು ಜರ್ಸಿ! ಮಲೇಷ್ಯಾದ ಈ ಕುಬೇರ 2010ರಲ್ಲಿ ವೇಲ್ಸಿನ ಕಾರ್ಡಿಫ್ ಸಿಟಿ ಫುಟ್‌ಬಾಲ್ ಕ್ಲಬ್ಬಿಗೆ ದುಡ್ಡು ಹಾಕಿದವರು.

ತಂಡದ ಅಡ್ಡಹೆಸರೇ ಬ್ಲೂಬರ್ಡ್ಸ್. ನೂರು ವರ್ಷದಿಂದ ನೀಲಿ ಅಂಗಿ. 2012ರಲ್ಲಿ ಟ್ಯಾನ್ ಅದನ್ನು ಕೆಂಪು ಮಾಡಿಬಿಟ್ಟರು. ಏಷ್ಯಾದಲ್ಲಿ ಕೆಂಪು ಶುಭ, ಮಾರಾಟಕ್ಕೂ ಒಳ್ಳೇದು ಅನ್ನೋ ಲೆಕ್ಕ. ಲಾಂಛನದಲ್ಲಿ ಹಕ್ಕಿ ಕೆಳಗೆ ಪುಟ್ಟದಾಗಿ ಮುದುರಿತು, ನಡುವೆ ಡ್ರ್ಯಾಗನ್ ಬಂದು ಕೂತಿತು. ಸಾಲದಲ್ಲಿದ್ದ ಕ್ಲಬ್ಬು, ದುಡ್ಡು ಸುರಿಯೋ ಧಣಿ.. ಬೇಡ ಅನ್ನೋದು ಹೇಗೆ?

ತಮಾಷೆ ಏನಂದ್ರೆ, ಕೆಂಪಲ್ಲೇ ಗೆದ್ದರು! 2013ರಲ್ಲಿ, 51 ವರ್ಷಗಳ ಮೇಲೆ, ಇಂಗ್ಲೆಂಡಿನ ಅಗ್ರ ಲೀಗಿಗೆ ಬಡ್ತಿ. ತಾತ, ಅಪ್ಪ ಎಲ್ಲ ಕಾದಿದ್ದ ದಿನ ಕೊನೆಗೂ ಬಂತು, ಮೈದಾನದಲ್ಲಿ ಮಾತ್ರ ತಮ್ಮದಲ್ಲದ ಬಣ್ಣ. ಕುಣಿಯೋದೋ ಅಳೋದೋ? ಆ ಬಡ್ತಿ ತಂದುಕೊಟ್ಟ ಮ್ಯಾನೇಜರ್ ಮಾಲ್ಕಿ ಮೆಕೇಯನ್ನೂ ಅದೇ ಡಿಸೆಂಬರಿನಲ್ಲಿ ಟ್ಯಾನ್ ಕಿತ್ತುಹಾಕಿದರು. 2014ರಲ್ಲಿ ಕೊನೇ ಸ್ಥಾನ, ಮತ್ತೆ ಕೆಳಗಿನ ಲೀಗು.

ನಮ್ಮ ಕಂಪನಿಯನ್ನು ಬೇರೆಯವರು ಕೊಂಡಾಗಲೂ ಹೆಸರು, ಲೋಗೋ ಎಲ್ಲ ಬದಲಾಯ್ತು. ನಾವು ಹೊಸ ಟೀ-ಶರ್ಟ್ ಸಿಕ್ತು ಅಂತ ಖುಷಿಯಾಗಿ ಕ್ಯಾಂಟೀನಿಗೆ ಹೋದ್ವಿ :) ನಾವು ಸಂಬಳ ತಗೊಳ್ಳೋರು ಬಿಡಿ. ಅವರು ಕೈಯಿಂದ ದುಡ್ಡು ಕೊಟ್ಟು ಬರೋರು.

ಅವರು ಬಿಡಲಿಲ್ಲ. ಮೆರವಣಿಗೆ, ನೀಲಿ ಶಾಲು, ಕೂಗಾಟ.. 2015ರ ಜನವರಿಯಲ್ಲಿ ಟ್ಯಾನ್ ನೀಲಿಯನ್ನು ವಾಪಸ್ ಕೊಟ್ಟರು, ತಾಯಿಯ ಮಾತೂ ಕಾರಣವಂತೆ. ಆ ಬಡ್ತಿಯ ಫೋಟೋಗಳಲ್ಲಿ ಮಾತ್ರ ಆಟಗಾರರೆಲ್ಲ ಇನ್ನೂ ಕೆಂಪಲ್ಲೇ ಇದ್ದಾರೆ.