ಪರಶುರಾಂಪುರದ ಸೀಮೆಯಲ್ಲಿ

ರಜೆ ಹತ್ತಿರವಾಯಿತೆಂದರೆ ಪಟ್ಟಣದ ಸಂಸಾರಗಳಲ್ಲಿ ಒಂದು ಚರ್ಚೆ ತಪ್ಪದು. ಮಕ್ಕಳಿಗೆ ಸಮುದ್ರ ಬೇಕು, ಮನೆಯಾಕೆಗೆ ದೇವಸ್ಥಾನ ಬೇಕು, ಯಜಮಾನನಿಗೆ ಖರ್ಚು ಮಿತವಾಗಬೇಕು. ಕಡೆಗೆ ಎಲ್ಲರೂ ಒಪ್ಪುವುದು ಬೇಲೂರು, ಹಳೇಬೀಡು, ಜೋಗ ಇಲ್ಲವೆ ಮಡಿಕೇರಿ. ಎಲ್ಲರೂ ಹೋದಲ್ಲಿಗೇ ಹೋಗಿ, ಎಲ್ಲರೂ ನಿಂತಲ್ಲಿಯೇ ನಿಂತು ಚಿತ್ರ ತೆಗೆಸಿಕೊಂಡು ಮರಳುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಚೆಲುವಾದುದನ್ನು ನೂರು ಮಂದಿ ನೋಡಿದರೆ ಅದು ಸವೆಯುವುದಿಲ್ಲ. ಆದರೆ ನನಗೆ ಪ್ರಿಯವಾದ ಕೆಲವು ಊರುಗಳು ಯಾವ ಪ್ರವಾಸದ ಪಟ್ಟಿಯಲ್ಲಿಯೂ ಇಲ್ಲ. ಅವುಗಳ ಹೆಸರೆತ್ತಿದೊಡನೆ ಕಾಲೇಜಿನ ಗೆಳೆಯರು ಕೇಳುವುದು ಒಂದೇ ಮಾತು: "ಅಲ್ಲಿ ನೋಡಲು ಏನಿದೆ, ಮಾರಾಯರೆ?"

ಸ್ಪೇನ್ ದೇಶದಲ್ಲಿ ಲಾ ಮಾಂಚಾ ಎಂಬ ಒಂದು ಸೀಮೆಯಿದೆ. ಅದೂ ಒಣ ಬಯಲೇ. ಸೆರ್ವಾಂಟಿಸನೆಂಬ ಲೇಖಕ 1605ರಲ್ಲಿ ತನ್ನ ಡಾನ್ ಕ್ವಿಕ್ಸಾಟನನ್ನು ಆ ಬಯಲಿನ ಗಾಳಿಯಂತ್ರಗಳ ಮೇಲೆ ಯುದ್ಧಕ್ಕೆ ಕಳುಹಿಸಿದ. ಅಂದಿನಿಂದ ಇಂದಿನವರೆಗೆ ದೇಶವಿದೇಶಗಳ ಜನ ಆ ಬಯಲನ್ನು ನೋಡಲು ಹೋಗುತ್ತಾರೆ. ನೆಲವೇನೂ ಹಸುರಾಗಲಿಲ್ಲ, ನೋಡುವ ಕಣ್ಣು ಬದಲಾಯಿತು, ಅಷ್ಟೆ. ಚಿತ್ರದುರ್ಗದ ಬೆಟ್ಟಗಳ ಮೇಲೆಯೂ ಈಗ ಸಾಲುಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿವೆ. ಅವನ್ನು ಹಿಂದೆ ಬಿಟ್ಟು ಚಳ್ಳಕೆರೆಯ ಕಡೆಗೆ ಹೊರಟರೆ ನಮ್ಮ ಲಾ ಮಾಂಚಾ ತೆರೆದುಕೊಳ್ಳುತ್ತದೆ.

ಚಳ್ಳಕೆರೆ ವ್ಯಾಪಾರದ ಊರು. ಸುತ್ತಲಿನ ಹೊಲಗಳ ಶೇಂಗಾ ಇಲ್ಲಿನ ಗಿರಣಿಗಳಿಗೆ ಬಂದು ಎಣ್ಣೆಯಾಗಿ ಹೊರಡುತ್ತಿದ್ದುದರಿಂದ ಇದಕ್ಕೆ ಎಣ್ಣೆಯ ನಗರವೆಂದೇ ಹೆಸರು ಬಿದ್ದಿತು. ಅದಕ್ಕಿಂತ ಹಳೆಯ ಕೀರ್ತಿ ಇಲ್ಲಿನ ಕಂಬಳಿಯದು. ಕುರಿಯ ಕಪ್ಪು ಉಣ್ಣೆಯನ್ನು ಹೆಂಗಸರು ನೂಲುತ್ತಾರೆ; ಗಂಡಸರು ಗುಂಡಿಮಗ್ಗದಲ್ಲಿ ಕುಳಿತು ನೇಯುತ್ತಾರೆ; ಹುಣಸೆಬೀಜದ ಗಂಜಿ ಎಳೆಗೆ ಬಿಗಿ ಕೊಡುತ್ತದೆ. ಮೈಗೆ ತಾಕಿದರೆ ಚುಚ್ಚುವುದೆಂದು ಪಟ್ಟಣದವರು ಮೂಗು ಮುರಿಯಬಹುದು. ಆದರೆ ಅದೇ ಕಂಬಳಿ ಕುರುಬನಿಗೆ ಮಳೆಯಲ್ಲಿ ಕೊಡೆ, ಚಳಿಯಲ್ಲಿ ಹೊದಿಕೆ, ಬಯಲಿನಲ್ಲಿ ಹಾಸಿಗೆ. ಮದುವೆಯ ದಿನ ದೇವರ ಗದ್ದುಗೆಯೂ ಅದೇ.

ಚಳ್ಳಕೆರೆಯಿಂದ ಪೂರ್ವಕ್ಕೆ ಬಸ್ಸು ಹಿಡಿದರೆ ಪರಶುರಾಂಪುರ. ಇದು ಹೋಬಳಿಯ ಕೇಂದ್ರ. ಆಚೆಗೆ ಸ್ವಲ್ಪ ದೂರ ನಡೆದರೆ ಆಂಧ್ರದ ಗಡಿ. ಗಡಿಯೆಂಬುದು ನಕ್ಷೆಯಲ್ಲಿದೆಯೇ ಹೊರತು ನಾಲಗೆಯ ಮೇಲಿಲ್ಲ. ಅಂಗಡಿಯಾತ ಕನ್ನಡದಲ್ಲಿ ಬೆಲೆ ಹೇಳುತ್ತಾನೆ, ಗಿರಾಕಿ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾನೆ, ಲೆಕ್ಕ ಮಾತ್ರ ಯಾರಿಗೂ ತಪ್ಪುವುದಿಲ್ಲ. ಭಾಷೆಯ ಪಾಠ ಹೇಳುವ ನನ್ನಂಥವನಿಗೆ ಆ ಬೀದಿಯಲ್ಲಿ ಅರ್ಧ ಗಂಟೆ ನಿಲ್ಲುವುದೇ ಒಂದು ವಿದ್ಯಾಭ್ಯಾಸ. ಹೋಟೆಲಿನಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಬೋಂಡ ಸಿಗುತ್ತದೆ. ಮನೆಗೆ ಕರೆದವರುಂಟೆಂದರೆ ರಾಗಿಮುದ್ದೆ, ಶೇಂಗಾ ಚಟ್ನಿ.

ಈ ಸೀಮೆಯ ಹೊಳೆ ವೇದಾವತಿ. ಬಾಬಾಬುಡನ್ ಗಿರಿಯ ಮಡಿಲಲ್ಲಿ ವೇದಾ, ಅವತಿ ಎಂದು ಎರಡಾಗಿ ಹುಟ್ಟಿ, ಕಡೂರಿನ ಬಳಿ ಒಂದಾಗಿ, ಹಿರಿಯೂರನ್ನು ದಾಟಿ ಇಲ್ಲಿಗೆ ಬಂದು, ಆಂಧ್ರದ ನೆಲವನ್ನು ಮುಟ್ಟಿ, ಮತ್ತೆ ಬಳ್ಳಾರಿಯ ಕಡೆಗೆ ತಿರುಗಿ ತುಂಗಭದ್ರೆಯನ್ನು ಸೇರುತ್ತದೆ. ಹಗರಿ ಎಂಬುದು ಇದರ ಇನ್ನೊಂದು ಹೆಸರು. ಹೊಳೆಯೆಂದೊಡನೆ ಕಾವೇರಿಯನ್ನು ನೆನೆದು ಹೋದವರಿಗೆ ಕಾಣುವುದು ವರ್ಷದ ಬಹುಕಾಲ ಬರಿಯ ಮರಳು, ಜಾಲಿ, ಅಲ್ಲೊಂದು ಇಲ್ಲೊಂದು ಒರತೆ. ಇದಕ್ಕೆ ಕಾರಣವುಂಟು. ಚಳ್ಳಕೆರೆಯ ಮಳೆ ವರ್ಷಕ್ಕೆ ಸರಾಸರಿ 500 ಮಿ.ಮೀ. ಮುಟ್ಟುವುದಿಲ್ಲ, ಹಿರಿಯೂರಿನ ಮೇಲ್ಗಡೆ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನದವರು 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಬಂದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಕೆರೆ ತುಂಬಿ ಕೋಡಿ ಬಿದ್ದರೆ ಮಾತ್ರ ಕೆಳಗಿನ ಹೊಳೆಗೆ ಮೈದುಂಬುವ ಭಾಗ್ಯ.

ಹೊಳೆಯ ದಂಡೆಯ ಹಾದಿಯಲ್ಲಿ ಕುರಿ ಕಾಯುತ್ತಿದ್ದ ವೃದ್ಧರೊಬ್ಬರು ನನ್ನನ್ನು ತಡೆದು ವಿಚಾರಿಸಿದರು.

"ಯಾವ ಕಡೇರು ಸ್ವಾಮಿ? ಏನ್ ಕೆಲ್ಸದ ಮ್ಯಾಲೆ ಬಂದ್ರಿ?"

"ಕೆಲಸವೇನಿಲ್ಲ ಅಜ್ಜ. ಊರು ನೋಡಿಕೊಂಡು ಹೋಗೋಣವೆಂದು ಬಂದೆ."

"ನಮ್ಮೂರಾಗೆ ನೋಡಾಕೆ ಏನೈತೆ? ಹೊಳೆ ಐತೆ, ನೀರಿಲ್ಲ. ಹೊಲ ಐತೆ, ಮಳೆ ಇಲ್ಲ."

ಹೀಗೆಂದವರು ಒಂದು ಗಳಿಗೆ ಸುಮ್ಮನಿದ್ದು, ತಾವೇ ಮುಂದುವರಿಸಿದರು: "ಮಾರಿಕಣಿವೆ ಕೋಡಿ ಬಿದ್ದಿದ್ ಕತೆ ನಮ್ಮಪ್ಪ ಹೇಳಾನು. ಸುಳ್ಳು ಅಂದ್ಕಂಡಿದ್ದೆ. ಮೊನ್ನೆ ಕಣ್ಣಾರೆ ನೋಡ್ದೆ ಸ್ವಾಮಿ. ಈ ದಡದಿಂದ ಆ ದಡಕ್ಕೆ ನೀರು!"

ಅವರ 'ಮೊನ್ನೆ' ಎಂದರೆ 2022ರ ಸೆಪ್ಟೆಂಬರು. 1933ರ ತರುವಾಯ 89 ವರ್ಷ ಕಳೆದು ಅಂದು ಮಾರಿಕಣಿವೆ ಕೋಡಿ ಬಿದ್ದಿತ್ತು. ಒಂದು ಹೊಳೆ ತುಂಬಿದ್ದನ್ನು ಕಾಣಲು ಎರಡು ತಲೆಮಾರು ಕಾದ ಜನರ ಕಣ್ಣಿನಲ್ಲಿ ನೀರಿನ ಬೆಲೆ ಏನೆಂಬುದನ್ನು ನಲ್ಲಿಯ ಪಕ್ಕದಲ್ಲಿ ಬೆಳೆದ ನಮ್ಮ ಮಕ್ಕಳು ಒಮ್ಮೆ ನೋಡಬೇಕು.

ಈ ಬಯಲಿನ ಜನರಲ್ಲಿ ಕಾಡುಗೊಲ್ಲರು, ಮ್ಯಾಸಬೇಡರು ಎಂಬ ಎರಡು ಸಮುದಾಯಗಳು ಪ್ರಮುಖವಾದುವು. ಎರಡೂ ಪಶುಪಾಲನೆಯ ಸಂಪ್ರದಾಯದವು. ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳುಗಳನ್ನು ಒಟ್ಟಿ ಗುಡಿ ಕಟ್ಟುತ್ತಾರೆ. ಕುಲದ ತರುಣರು ಬರಿಗಾಲಿನಲ್ಲಿ ಆ ಮುಳ್ಳನ್ನೇರಿ ತುದಿಯ ಕಳಶವನ್ನು ಇಳಿಸುತ್ತಾರೆ. ಮ್ಯಾಸಬೇಡರು 'ದೇವರ ಎತ್ತು'ಗಳೆಂಬ ಹಿಂಡುಗಳನ್ನು ಸಾಕುತ್ತಾರೆ. ಅವನ್ನು ಗಾಡಿಗೆ ಹೂಡುವುದಿಲ್ಲ, ನೇಗಿಲಿಗೆ ಕಟ್ಟುವುದಿಲ್ಲ. ಅವುಗಳ ಸೇವೆಗೆಂದೇ ಕಿಲಾರಿ ಎಂಬವನಿರುತ್ತಾನೆ. ಲಾಭವಿಲ್ಲದ ದನವನ್ನು ಬರಗಾಲದ ನಾಡಿನಲ್ಲಿ ಸಾಕುವುದು ಎಂಥ ಅರ್ಥಶಾಸ್ತ್ರವೆಂದು ಕೇಳಬಹುದು. ಅದು ಅರ್ಥಶಾಸ್ತ್ರವಲ್ಲ, ಋಣ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಬಲ್ಲವರಲ್ಲ. ಆದರೆ ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಅವರ ಮುಂದೆ ಕುಳಿತು ಹಾಡುಗಳನ್ನು ಬರೆದುಕೊಂಡರು. ಪುಸ್ತಕವಿಲ್ಲದ ಊರಿನಲ್ಲಿ ಒಬ್ಬ ಮುದುಕಿಯೇ ಗ್ರಂಥಾಲಯವಾಗಿದ್ದರು.

ಈ ದನ, ಕುರಿ, ಕಂಬಳಿಗಳೆಲ್ಲಕ್ಕೂ ಆಧಾರ ಒಂದೇ: ಹುಲ್ಲು. ದೊಡ್ಡಉಳ್ಳಾರ್ತಿ, ಖುದಾಪುರಗಳ ಕಡೆಗೆ ಹೋದರೆ ಅಮೃತಮಹಲ್ ಕಾವಲು ಸಿಗುತ್ತದೆ. ಮೈಸೂರು ಅರಸರ ಕಾಲದಲ್ಲಿ ಅಮೃತಮಹಲ್ ರಾಸುಗಳಿಗೆಂದು ಮೀಸಲಾದ ಹುಲ್ಲುಗಾವಲು ಇದು. ಮಳೆ ಬಿದ್ದ ಮೇಲೆ ಒಂದು ಸಂಜೆ ಅಲ್ಲಿ ನಿಲ್ಲಬೇಕು. ದಿಗಂತದವರೆಗೆ ಹುಲ್ಲು ಅಲೆಯಲೆಯಾಗಿ ಬಾಗುತ್ತದೆ. ಕೃಷ್ಣಮೃಗಗಳ ನೆಲೆಯೂ ಹೌದು. ಕಳೆದ ಒಂದೂವರೆ ದಶಕದಲ್ಲಿ ಈ ಕಾವಲುಗಳ ಸುಮಾರು 10,000 ಎಕರೆ ನೆಲ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಗೋಡೆಗಳೆದ್ದವು. ಕುರಿ ಮೇಯುವ ಹಾದಿ ಮುಚ್ಚಿತೆಂದು ಹಳ್ಳಿಗರು ತಕರಾರು ತೆಗೆದರು. ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅದೇ ಗೋಡೆಯೊಳಗೆ 2024ರಲ್ಲಿ ಪುಷ್ಪಕ್ ಎಂಬ ರೆಕ್ಕೆಯ ವಾಹನ ಆಕಾಶದಿಂದ ತಾನೇ ತಾನಾಗಿ ಬಂದಿಳಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆ ಸಾಧುವಾದುದೇ. ಆದರೆ ಇಂಥ ಎಡೆಗಳನ್ನು ಆರಿಸುವಾಗ ಬಯಲು ನಾಡಿನ ಬಗೆಗೆ ಒಂದು ಮಾತು ಬಲು ಸುಲಭವಾಗಿ ಬರುತ್ತದೆ: "ಅದು ಖಾಲಿ ಜಾಗ, ಅಲ್ಲಿ ಏನೂ ಇಲ್ಲ." ನನ್ನ ಗೆಳೆಯರು ನಗುತ್ತ ಕೇಳುವ ಪ್ರಶ್ನೆಗೂ ಈ ಮಾತಿಗೂ ಇರುವ ನಂಟು ಅಲ್ಲಿ ನಿಂತಾಗ ನನಗೆ ಹೊಳೆಯಿತು. ನಾವು ನೋಡದೆ ಬಿಟ್ಟ ನೆಲ ಬರಿದೆಂದು ಎಣಿಸಲ್ಪಡುತ್ತದೆ; ಬರಿದೆಂದು ಎಣಿಸಿದ್ದನ್ನು ಕೇಳುವವರಿರುವುದಿಲ್ಲ.

ಬರಿದಲ್ಲವೆಂಬುದಕ್ಕೆ ಸಾಕ್ಷಿ ಬೇಕಾದರೆ ಬಳ್ಳಾರಿಯ ದಾರಿ ಹಿಡಿಯಿರಿ. ಮೊದಲು ತಳುಕು. ಕುವೆಂಪು ಅವರು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ ಗುರು ಟಿ. ಎಸ್. ವೆಂಕಣ್ಣಯ್ಯನವರ ಊರು ಇದು. ದುರ್ಗದ ಕಾದಂಬರಿಗಳ ತ.ರಾ.ಸು. ಅವರ ಹೆಸರಿನ ಮೊದಲಕ್ಷರವೂ ಇದೇ ತಳುಕು.

ಮುಂದೆ ಮೊಳಕಾಲ್ಮೂರು. ಇಲ್ಲಿನ ಮಗ್ಗದ ರೇಷ್ಮೆ ಸೀರೆ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದುದು. ಪಟ್ಟಣದ ಅಂಗಡಿಯಲ್ಲಿ ಬೆಳಕಿನ ಕೆಳಗೆ ಮಡಿಸಿಟ್ಟ ಸೀರೆಯನ್ನು ಕಂಡವರು, ಅದೇ ಸೀರೆ ಕಿರುಮನೆಯ ಮಗ್ಗದಲ್ಲಿ ಒಂದೊಂದೇ ಎಳೆಯಾಗಿ ಬೆಳೆಯುವುದನ್ನು ನೋಡಿದರೆ ಬೆಲೆಗೆ ಚೌಕಾಸಿ ಮಾಡುವ ಮೊದಲು ಒಂದಿಷ್ಟು ಯೋಚಿಸಿಯಾರು.

ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿ. ಎಲ್. ರೈಸರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿಯಲ್ಲಿ ನೆಲವನ್ನು ಅಗೆಸಿ, ಶಾಸನಕ್ಕಿಂತಲೂ ಹಿಂದಿನ ಜನರ ಕಲ್ಲಿನ ಕೊಡಲಿಗಳನ್ನೂ ಆಮೇಲಿನವರ ಬೃಹತ್ ಶಿಲಾಸಮಾಧಿಗಳನ್ನೂ ಕಂಡರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಇದು. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಲಿಪಿಕಾರನ ಹೆಸರು ಚಪಡ. ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, 'ಲಿಪಿಕಾರ' ಎಂಬ ಕೊನೆಯ ಮಾತೊಂದನ್ನು ಮಾತ್ರ ದೂರದ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಇಂದಿಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಪಾಟಲಿಪುತ್ರದ ದೊರೆಗೆ ಈ ನೆಲ ಖಾಲಿಯೆಂದು ತೋರಿರಲಿಲ್ಲ. ಇಲ್ಲಿ ಮಾತು ಕೇಳುವ ಜನರಿದ್ದಾರೆಂದು ಅವನು ಬಲ್ಲವನಾಗಿದ್ದ.

ಹೋಗಬಯಸುವವರಿಗೆ ಎರಡು ಮಾತು. ಮಾರ್ಚಿನಿಂದ ಮೇ ವರೆಗೆ ಬಿಸಿಲು ನಿರ್ದಯವಾದುದು. ಮಳೆಯ ಹಿಂದಿನಿಂದ ಸಂಕ್ರಾಂತಿಯವರೆಗಿನ ತಿಂಗಳುಗಳು ಹಿತ. ಚಳ್ಳಕೆರೆಗೆ ಬೆಂಗಳೂರು, ಬಳ್ಳಾರಿ, ದುರ್ಗಗಳಿಂದ ಬಸ್ಸುಗಳಿವೆ. ಚಿಕ್ಕಜಾಜೂರಿನಿಂದ ಬಳ್ಳಾರಿಗೆ ಹೋಗುವ ರೈಲುದಾರಿಯೂ ಇದೆ. ತಂಗಲು ಚಳ್ಳಕೆರೆಯೇ ಅನುಕೂಲ. ಕುಡಿಯುವ ನೀರನ್ನೂ ತಲೆಗೆ ಒಂದು ವಸ್ತ್ರವನ್ನೂ ಮರೆಯಬಾರದು. ಬಂಡೆಯ ಅಕ್ಷರಗಳನ್ನು ಮುಟ್ಟಬಾರದು. ಹಟ್ಟಿಯೊಳಗೆ ಕಾಲಿಡುವ ಮೊದಲು ಹಿರಿಯರನ್ನು ಕೇಳಬೇಕು. ಅವರಿಗೂ ತಮ್ಮ ಮಡಿಮೈಲಿಗೆಯ ಕಟ್ಟುಗಳಿವೆ. ಮರಳುವಾಗ ಸಂತೆಯಲ್ಲಿ ಒಂದು ಕಂಬಳಿ ಕೊಂಡುಕೊಂಡರೆ, ನೂತವಳ ಮತ್ತು ನೇಯ್ದವನ ಒಂದು ವಾರದ ಅನ್ನಕ್ಕೆ ಅದು ಆದೀತು. ಮೊದಲ ನಾಲ್ಕು ದಿನ ಚುಚ್ಚುತ್ತದೆ, ಆಮೇಲೆ ಬಿಟ್ಟಿರಲಾಗದು.