ಸ್ಯಾಂಡಿಗೇಟಿನ ಸಂಜೆ

ಹೊಳೆಯ ಹಿರಿಮೆಯನ್ನು ಕೊಂಡಾಡುವವರು ಅನೇಕರು. ಅದು ಹುಟ್ಟುವ ಎಡೆಯನ್ನು ಅರಸಿ ಹೋಗುವವರು ವಿರಳ. ಹೋದವರಿಗೂ ಅಲ್ಲಿ ಕಾಣುವುದು ಕಲ್ಲಿನ ಸಂದಿಯಲ್ಲಿ ಜಿನುಗುವ ಒಂದು ಸಣ್ಣ ಒರತೆ ಮಾತ್ರ. ಕಾಲ್ಚೆಂಡಾಟದ ಮೂಲವನ್ನು ಕಾಣಬಯಸುವವರಿಗೂ ಇಂಥದೇ ಅನುಭವವಾಗುತ್ತದೆ. ಜಗತ್ತನ್ನೆಲ್ಲ ಮರುಳುಮಾಡಿರುವ ಈ ಆಟದ ಅತ್ಯಂತ ಹಳೆಯ ಮೈದಾನವೆಂದು ಹೆಸರಾದ ಸ್ಥಳವು ಇಂಗ್ಲೆಂಡಿನ ಷೆಫೀಲ್ಡ್ ನಗರದ ಪಶ್ಚಿಮ ಭಾಗದಲ್ಲಿ, ಒಂದು ಗುಡ್ಡದ ಮೇಲಿದೆ. ಅದರ ಹೆಸರು ಸ್ಯಾಂಡಿಗೇಟ್.

ಷೆಫೀಲ್ಡ್ ಉಕ್ಕಿಗೂ ಚಾಕು ಕತ್ತರಿಗಳಿಗೂ ಪ್ರಸಿದ್ಧವಾದ ಊರು. ಅಲ್ಲಿ 1857ರಲ್ಲಿ ಸ್ಥಾಪಿತವಾದ ಷೆಫೀಲ್ಡ್ ಸಂಘವು ಇಂದಿಗೂ ಬಾಳುತ್ತಿರುವ ಕಾಲ್ಚೆಂಡಾಟದ ಸಂಘಗಳಲ್ಲಿ ಎಲ್ಲಕ್ಕಿಂತ ಹಿರಿಯದು. ಮೂರು ವರ್ಷಗಳ ತರುವಾಯ ಹುಟ್ಟಿದ ಹ್ಯಾಲಂ ಸಂಘವು ಅದರ ತಮ್ಮ. 1860ರ ಡಿಸೆಂಬರ್ 26ರಂದು ಈ ಅಣ್ಣತಮ್ಮಂದಿರು ಸ್ಯಾಂಡಿಗೇಟಿನಲ್ಲಿ ಎದುರುಬದುರಾದರು. ಒಂದೊಂದು ಪಕ್ಷದಲ್ಲಿ 16 ಮಂದಿ ಆಡಿದ ಆ ಪಂದ್ಯದಲ್ಲಿ ಅಣ್ಣನೇ ಎರಡು ಗೋಲುಗಳಿಂದ ಗೆದ್ದನು. ಇಂದು ಜಗತ್ತೆಲ್ಲ ಬಲ್ಲ ಕಾರ್ನರ್ ಕಿಕ್ ಕೂಡ ಷೆಫೀಲ್ಡಿನವರು ರೂಪಿಸಿಕೊಂಡ ನಿಯಮಗಳಿಂದಲೇ ಬಂದುದು.

ಇಷ್ಟು ಹಿರಿಯರಾದ ಈ ಸಂಘಗಳು ಈಗ ಎಲ್ಲಿವೆ? ಆ ದೇಶದಲ್ಲಿ ಮೇಲಿನ ನಾಲ್ಕು ವಿಭಾಗಗಳಲ್ಲಿ ಆಡುವ ಸಂಘಗಳು 92. ಅವುಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ನೂರಾರು ಸಂಘಗಳಿವೆ. ಅವನ್ನೆಲ್ಲ ಒಟ್ಟಾಗಿ 'ನಾನ್‌-ಲೀಗ್' ಎಂದು ಕರೆಯುವುದು ವಾಡಿಕೆ. ಹಿರಿಯರಿಬ್ಬರೂ ಇರುವುದು ಆ ಕೆಳಗಿನ ಮೆಟ್ಟಿಲುಗಳಲ್ಲಿಯೇ! ಹಿರಿತನವೇ ಬೇರೆ, ಸಿರಿತನವೇ ಬೇರೆ.

ಕೆಳಗಿನ ಮೆಟ್ಟಿಲಿನ ಆಟಗಾರರಿಗೆ ಆಟವೊಂದೇ ಜೀವನೋಪಾಯವಲ್ಲ. ಹಗಲೆಲ್ಲ ಬೇರೆ ಬೇರೆ ಕೆಲಸಗಳಲ್ಲಿ ದುಡಿದವರು ಸಂಜೆ ಬೂಟು ಕಟ್ಟಿಕೊಳ್ಳುತ್ತಾರೆ. ಆದುದರಿಂದ ವಾರದ ನಡುವಣ ಪಂದ್ಯಗಳು ದೀಪದ ಬೆಳಕಿನಲ್ಲಿಯೇ ನಡೆಯಬೇಕು. ದೀಪದ ಕೆಳಗಿನ ಆಟಕ್ಕೂ ಈ ಊರಿಗೂ ಹಳೆಯ ನಂಟು ಉಂಟು. 1878ರ ಅಕ್ಟೋಬರ್ 14ರ ರಾತ್ರಿ ಇದೇ ಷೆಫೀಲ್ಡಿನ ಬ್ರಾಮಲ್ ಲೇನ್ ಮೈದಾನದ ನಾಲ್ಕು ಮೂಲೆಗಳಲ್ಲಿ ವಿದ್ಯುದ್ದೀಪಗಳನ್ನು ಹೊತ್ತಿಸಿ ಆಡಿದಾಗ, ಆ ಸೋಜಿಗವನ್ನು ನೋಡಲು ಸಹಸ್ರಾರು ಜನ ನೆರೆದಿದ್ದರು.

ಸ್ಯಾಂಡಿಗೇಟಿನ ಸಂಜೆಗೆ ಅಂಥ ಜನಜಂಗುಳಿ ಇಲ್ಲ. ಏರುದಾರಿಯನ್ನು ಹತ್ತಿ ಬಂದವನನ್ನು ಮೊದಲು ಎದುರುಗೊಳ್ಳುವುದು ಗುಡ್ಡದ ಚಳಿಗಾಳಿ. ಬಾಗಿಲಲ್ಲಿ ಹಣ ಪಡೆದು ಒಳಗೆ ಬಿಡುವವರು, ಬಿಸಿ ಚಹಾ ಬಗ್ಗಿಸಿ ಕೊಡುವವರು ಎಲ್ಲರೂ ನೆರೆಹೊರೆಯವರೇ. ಬಂದವನು ಲೋಟವನ್ನು ಅಂಗೈಗಳ ನಡುವೆ ಹಿಡಿದು, ಅಂಗಳದ ಸುತ್ತಲಿನ ಕಂಬಿಗೆ ಒರಗಿ ನಿಂತರೆ ಆಟವು ಕೈಯಳತೆಯಲ್ಲಿರುತ್ತದೆ. ಚೆಂಡಿಗೆ ಬೂಟು ತಾಗಿದ ಸದ್ದು, ಓಡುವವನ ಏದುಸಿರು, ಗೋಲ್‌ಕೀಪರನ ಕೂಗು ಎಲ್ಲವೂ ಕಿವಿಗೆ ಬೀಳುತ್ತವೆ. ಪ್ರೇಕ್ಷಕನ ಮಾತೂ ಆಟಗಾರನಿಗೆ ಕೇಳಿಸುತ್ತದೆ. ಆದ್ದರಿಂದ ಬೈಯುವವನು ಕೊಂಚ ಯೋಚಿಸಿಯೇ ಬೈಯಬೇಕು! ಅಂಗಳವು ಅಂಗೈಯಂತೆ ಸಮತಟ್ಟಾಗಿಲ್ಲ; ಗುಡ್ಡದ ಇಳಿಜಾರು ಅದರೊಳಗೂ ಇಳಿದಿದೆ. ಅಲ್ಲಿ ಚೆಂಡನ್ನು ಆಳುವುದಕ್ಕೆ ಕಾಲಿನ ಬಲದೊಂದಿಗೆ ನೆಲದ ಪರಿಚಯವೂ ಬೇಕು.

ಇಂಥ ಮೈದಾನಗಳು ಉಳಿದು ಬಂದುದು ಯಾರಿಂದ? ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಬಲೆ ಕಟ್ಟುವುದು, ಕೆಸರಾದ ಅಂಗಿಗಳನ್ನು ಒಗೆಯುವುದು, ಪಂದ್ಯ ಮುಗಿದ ಮೇಲೆ ಕಸ ಗುಡಿಸುವುದು—ಈ ಕೆಲಸಗಳಲ್ಲಿ ಬಹುಪಾಲು ಸಂಬಳವಿಲ್ಲದವರ ಕೈಯಿಂದಲೇ ನಡೆಯುತ್ತವೆ. ಹ್ಯಾಲಂ ಸಂಘವು 1867ರಲ್ಲಿ ಯೂಡನ್ ಕಪ್ಪನ್ನು ಗೆದ್ದಿತು. ಜಗತ್ತಿನ ಮೊದಲ ಕಾಲ್ಚೆಂಡಾಟದ ಪಂದ್ಯಾವಳಿಯೆಂದು ಎಣಿಕೆಯಾದ ಆ ಸ್ಪರ್ಧೆಯ ಬೆಳ್ಳಿಯ ಬಟ್ಟಲು ಮುಂದೆ ಕಣ್ಮರೆಯಾಯಿತು. 1997ರಲ್ಲಿ ಹಳೆಯ ವಸ್ತುಗಳ ವ್ಯಾಪಾರಿಯಿಂದ ಮರಳಿ ಸಂಘದ ಕೈಸೇರಿತು. ಕಳೆದುಹೋದ ಬಟ್ಟಲನ್ನು ಹಣ ಕೊಟ್ಟು ಕೊಳ್ಳಬಹುದು. ಕೈಬಿಟ್ಟ ಜನರನ್ನು ಹಾಗೆ ಕೊಳ್ಳಲಾಗದು.

ಈ ಮಾತಿಗೆ ಲಂಡನ್ನಿನ ವಿಂಬಲ್ಡನ್ನಿನ ಕಥೆ ಸಾಕ್ಷಿ. ಅಲ್ಲಿನ ಸಂಘವು 1988ರಲ್ಲಿ ದೇಶದ ಪ್ರತಿಷ್ಠಿತ ಎಫ್.ಎ. ಕಪ್ಪನ್ನೇ ಗೆದ್ದಿತ್ತು. 2002ರಲ್ಲಿ ಆ ಸಂಘವನ್ನು ದೂರದ ಮಿಲ್ಟನ್ ಕೀನ್ಸ್ ನಗರಕ್ಕೆ ಒಯ್ಯಲು ಅನುಮತಿ ದೊರೆಯಿತು. ಊರಿನ ಅಭಿಮಾನಿಗಳು ಅಳುತ್ತ ಕೂರಲಿಲ್ಲ. ಅದೇ ವರ್ಷ ತಾವೇ ಹೊಸ ಸಂಘವನ್ನು ಕಟ್ಟಿ, ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಆರಿಸಿ, ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿದರು. ಒಂಬತ್ತೇ ವರ್ಷಗಳಲ್ಲಿ, 2011ರಲ್ಲಿ, ಆ ಸಂಘವು ಮೇಲಿನ 92ರ ಸಾಲಿಗೆ ಸೇರಿತು. 2020ರಲ್ಲಿ ಪ್ಲವ್ ಲೇನ್ ಎಂಬ ತನ್ನ ಹಳೆಯ ಬೀದಿಗೇ ಮರಳಿತು. ಸಂಘದ ಹೆಸರನ್ನೂ ಪರವಾನಗಿಯನ್ನೂ ಬೇರೆಡೆಗೆ ಒಯ್ಯಬಹುದು; ಕಂಬಿಗೆ ಒರಗಿ ನಿಲ್ಲುವವರ ಮಮತೆಯನ್ನು ಒಯ್ಯಲಾಗದು.

ಸ್ಯಾಂಡಿಗೇಟಿನಲ್ಲಿ ಕೊನೆಯ ಸೀಟಿ ಮೊಳಗಿದಾಗ ಸೋತವರೂ ಗೆದ್ದವರೂ ಕೈಕುಲುಕುತ್ತಾರೆ. ಬೆಳಗಾದರೆ ಇಬ್ಬರಿಗೂ ಕೆಲಸಕ್ಕೆ ಹೋಗಬೇಕು. ಜಗತ್ತಿನ ದೊಡ್ಡ ಕ್ರೀಡಾಂಗಣಗಳಲ್ಲಿ ಗುಡುಗುವ ಜಯಘೋಷವು ಒಂದು ಕಾಲಕ್ಕೆ ಇಂಥ ಅಂಗಳಗಳಲ್ಲಿ ಕೆಲವೇ ಕಂಠಗಳ ಕೂಗಾಗಿತ್ತು. ಆ ಕೂಗು ಇಲ್ಲಿ ಇನ್ನೂ ಅಡಗಿಲ್ಲ. ಜನರು ಗುಡ್ಡವನ್ನಿಳಿದು ಮನೆಗಳತ್ತ ನಡೆಯುತ್ತಾರೆ. ಮುಂದಿನ ಪಂದ್ಯಕ್ಕೆ ಗೆರೆ ಎಳೆಯಬೇಕಾದವರು ದೀಪ ಆರಿಸುವುದಕ್ಕೆಂದು ಹಿಂದೆ ಉಳಿಯುತ್ತಾರೆ.