ಮಗುವನ್ನು ಬೇಡಿದ ದೇವರು

ಶಿವರಾತ್ರಿಯ ಜಾಗರಣೆಯಲ್ಲಿ ಮಕ್ಕಳನ್ನು ಎಚ್ಚರವಾಗಿಡುವುದಕ್ಕೆ ಕಥೆಗಿಂತ ಮಿಗಿಲಾದ ಉಪಾಯವಿಲ್ಲ. ಕೆಲಸದಿಂದ ನಿವೃತ್ತರಾದ ಉಪಾಧ್ಯಾಯರೊಬ್ಬರು ಆ ರಾತ್ರಿ ತಮ್ಮ ಮೊಮ್ಮಗಳಿಗೆ ಸಿರಿಯಾಳ ಸೆಟ್ಟಿಯ ಕಥೆಯನ್ನು ಹೇಳಿದರು. ಜಂಗಮನ ವೇಷದಿಂದ ಬಂದ ಶಿವನು ನರಮಾಂಸದ ಅಡಿಗೆಯನ್ನು ಬೇಡಿದುದು, ಸೆಟ್ಟಿಯೂ ಆತನ ಹೆಂಡತಿ ಚಂಗಳೆಯೂ ಒಬ್ಬನೇ ಮಗನಾದ ಚೀಲಾಳನನ್ನು ಕೊಂದು ಬಡಿಸಿದುದು, ಕಡೆಗೆ ಶಿವನು ಪ್ರಸನ್ನನಾಗಿ ಮಗನನ್ನು ಬದುಕಿಸಿದುದು, ಇವೆಲ್ಲವನ್ನೂ ತಾವು ಬಾಲ್ಯದಲ್ಲಿ ಕೇಳಿದ್ದ ಕ್ರಮದಲ್ಲಿಯೇ ಹೇಳಿ ಮುಗಿಸಿದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಾ, ಆ ಹುಡುಗನನ್ನು ಯಾರೂ ಕೇಳಲೇ ಇಲ್ಲವೇ?" ಎಂದಳು.

30 ವರ್ಷ ಪಾಠ ಹೇಳಿದವರಿಗೆ ಉತ್ತರ ಹೊಳೆಯಲಿಲ್ಲ. "ಭಕ್ತಿ ಎಂದರೆ ಹಾಗೆಯೇ, ಮಗು" ಎಂದರು. ಆ ಮಾತು ಅವರಿಗೇ ರುಚಿಸಲಿಲ್ಲ. ದೇವರು ಮಗುವನ್ನು ಬೇಡುವ ಕಥೆ ಒಂದು ನಾಡಿನ ಸೊತ್ತಲ್ಲ. ಬಹುದೂರದ ಜನಾಂಗಗಳಲ್ಲಿಯೂ ಉಂಟು. ಆ ಕಥೆಗಳಲ್ಲಿ ಮಗುವಿಗೆ ಬಾಯಿ ಉಂಟೆ? ಉಂಟಾದರೆ ಅದು ಏನನ್ನು ನುಡಿಯುತ್ತದೆ? ಈ ಒಂದು ಪ್ರಶ್ನೆಯನ್ನು ಹಿಡಿದು, ಮರುದಿನದಿಂದ ಅವರು ತಮ್ಮ ಪುಸ್ತಕಗಳ ಕಪಾಟನ್ನು ತೆರೆದು ಕುಳಿತರು.

ಮೊದಲು ಕೈಗೆ ಬಂದುದು ಯೆಹೂದ್ಯರ ಧರ್ಮಗ್ರಂಥ. ಆದಿಕಾಂಡದ 22ನೆಯ ಅಧ್ಯಾಯದಲ್ಲಿ ದೇವರು ಅಬ್ರಹಾಮನನ್ನು ಪರೀಕ್ಷಿಸಲೆಂದು ಅವನ ಮಗನಾದ ಇಸಾಕನನ್ನು ಬಲಿಯಾಗಿ ಕೇಳುತ್ತಾನೆ. ಬೆಟ್ಟವನ್ನು ಹತ್ತುವಾಗ ಸೌದೆಯ ಹೊರೆ ಮಗನ ಮೇಲೆ; ಬೆಂಕಿಯೂ ಕತ್ತಿಯೂ ತಂದೆಯ ಕೈಯಲ್ಲಿ. ಬೆಂಕಿ ಇದೆ, ಸೌದೆ ಇದೆ, ಬಲಿಗೆ ಕುರಿಮರಿಯೆಲ್ಲಿ ಎಂದು ಇಸಾಕನು ಕೇಳುತ್ತಾನೆ. ದೇವರೇ ಒದಗಿಸುವನೆಂದು ತಂದೆ ಹೇಳುತ್ತಾನೆ. ಆಮೇಲೆ ಆ ಬೆಟ್ಟದ ಮೇಲೆ ಮಗನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಕತ್ತಿ ಎತ್ತಿದಾಗ ದೇವದೂತನು ತಡೆಯುತ್ತಾನೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಮಗನಿಗೆ ಬದಲಾಗುತ್ತದೆ. ಇದೇ ಕಥೆ ಕುರಾನಿನ 37ನೆಯ ಅಧ್ಯಾಯದಲ್ಲಿ ಬರುವಾಗ ಒಂದು ದೊಡ್ಡ ವ್ಯತ್ಯಾಸವುಂಟು. ಅಲ್ಲಿ ತಂದೆಯು ತಾನು ಕಂಡ ಕನಸನ್ನು ಮಗನಿಗೆ ತಿಳಿಸಿ ಅವನ ಅಭಿಪ್ರಾಯವನ್ನು ಕೇಳುತ್ತಾನೆ. ಮಗನು ಮನಃಪೂರ್ವಕವಾಗಿ ಒಪ್ಪುತ್ತಾನೆ. ಅಲ್ಲಿ ಮಗನ ಹೆಸರಿಲ್ಲ. ಆತನು ಇಸ್ಮಾಯಿಲನೆಂಬುದು ಮುಸಲ್ಮಾನರಲ್ಲಿ ಬಳಕೆಯಾದ ನಂಬಿಕೆ. ಬಕ್ರೀದಿನ ಹಬ್ಬದಲ್ಲಿ ಸ್ಮರಿಸುವುದು ಈ ಪ್ರಸಂಗವನ್ನೇ. ಮೊಮ್ಮಗಳ ಪ್ರಶ್ನೆಯನ್ನು ಒಂದು ಧರ್ಮಗ್ರಂಥವು ಹೀಗೆ ತಾನಾಗಿಯೇ ಎತ್ತಿಕೊಂಡಿರುವುದನ್ನು ಕಂಡು ಉಪಾಧ್ಯಾಯರಿಗೆ ಆಶ್ಚರ್ಯವೂ ಸಮಾಧಾನವೂ ಆದುವು.

ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ಯೆಹೂದ್ಯರ ನ್ಯಾಯಸ್ಥಾಪಕರ ಗ್ರಂಥದ 11ನೆಯ ಅಧ್ಯಾಯದಲ್ಲಿ ಯೆಫ್ತಾಹನೆಂಬ ವೀರನುಂಟು. ಯುದ್ಧದಲ್ಲಿ ಜಯವಾದರೆ ತನ್ನ ಮನೆಯ ಬಾಗಿಲಿನಿಂದ ಮೊದಲು ಎದುರಿಗೆ ಬರುವುದನ್ನು ಬಲಿ ಕೊಡುವೆನೆಂದು ಅವನು ಹರಕೆ ಹೊರುತ್ತಾನೆ. ವಾದ್ಯ ಬಾರಿಸುತ್ತ, ಕುಣಿಯುತ್ತ ಎದುರಿಗೆ ಬಂದವಳು ಅವನ ಒಬ್ಬಳೇ ಮಗಳು. ಅವಳು ಬೇಡುವುದು ಗೆಳತಿಯರೊಡನೆ ಬೆಟ್ಟಗಳಲ್ಲಿ ಅಳುವುದಕ್ಕೆ ಎರಡು ತಿಂಗಳ ಅವಧಿಯನ್ನು ಮಾತ್ರ. ಅಲ್ಲಿಗೆ ದೇವದೂತನು ಬರುವುದಿಲ್ಲ. ಪೊದೆಯಲ್ಲಿ ಟಗರೂ ಇಲ್ಲ. ವರ್ಷಕ್ಕೆ ನಾಲ್ಕು ದಿನ ಆ ನಾಡಿನ ಹೆಣ್ಣುಮಕ್ಕಳು ಅವಳನ್ನು ನೆನೆದು ಶೋಕಿಸುತ್ತಿದ್ದರೆಂದು ಹೇಳಿ ಗ್ರಂಥವು ಸುಮ್ಮನಾಗುತ್ತದೆ.

ಗ್ರೀಕರ ಕಥೆಯಲ್ಲಿಯೂ ಬಲಿ ಹೆಣ್ಣುಮಗುವೇ. ಟ್ರಾಯ್ ನಗರಕ್ಕೆ ಹೊರಟ ಹಡಗುಗಳು ಔಲಿಸ್ ರೇವಿನಲ್ಲಿ ಗಾಳಿ ಕೂಡಿಬಾರದೆ ನಿಂತಾಗ, ಆರ್ಟೆಮಿಸ್ ದೇವಿಯ ಕೋಪವನ್ನು ತಣಿಸಲು ದೊರೆ ಅಗಮೆಮ್ನಾನನು ಮಗಳಾದ ಇಫಿಗೇನಿಯಳನ್ನು ಒಪ್ಪಿಸಬೇಕಾಗುತ್ತದೆ. ಕ್ರಿ. ಪೂ. 458ರಲ್ಲಿ ರಂಗಕ್ಕೆ ಬಂದ ಈಸ್ಕಿಲಸನ ನಾಟಕದಲ್ಲಿ, ಆ ಹುಡುಗಿ ಮನೆತನವನ್ನು ಶಪಿಸದಿರಲೆಂದು ತಂದೆಯೇ ಅವಳ ಬಾಯನ್ನು ಕಟ್ಟಿಸುತ್ತಾನೆ. ಯೂರಿಪಿಡೀಸನು ತನ್ನ ಇನ್ನೊಂದು ನಾಟಕದಲ್ಲಿ ಆ ಬಾಯಿಯನ್ನು ಬಿಚ್ಚಿದನು. ಅಲ್ಲಿ ದೇವಿಯು ಒಂದು ಜಿಂಕೆಯನ್ನು ಬದಲಿಗಿಟ್ಟು ಇಫಿಗೇನಿಯಳನ್ನು ದೂರದ ಟಾರಿಸ್ ದೇಶಕ್ಕೆ ಒಯ್ದಿರುತ್ತಾಳೆ. ಪರದೇಶಿಗಳನ್ನು ಬಲಿ ಕೊಡುವ ಆ ನಾಡಿನಲ್ಲಿ ಅರ್ಚಕಿಯಾಗಿರುವ ಅವಳು, ಮನುಷ್ಯರು ತಾವು ಕೊಲೆಗಡುಕರಾಗಿ ಆ ದೋಷವನ್ನು ದೇವಿಯ ಮೇಲೆ ಹೊರಿಸುತ್ತಾರೆ, ಯಾವ ದೇವತೆಯೂ ಕೆಟ್ಟದ್ದಲ್ಲ ಎಂಬ ಅರ್ಥದ ಮಾತನ್ನಾಡುತ್ತಾಳೆ. ಬಲಿಯಾಗಬೇಕಾಗಿದ್ದವಳೇ ದೇವರ ಪರವಾಗಿ ವಾದಿಸಿದ ಹಾಗಾಯಿತು.

ಸ್ವದೇಶದ ಪುರಾತನ ಕಥೆ ಇನ್ನೂ ವಿಚಿತ್ರವಾದುದು. ರಾಘವಾಂಕನ ಕಾವ್ಯವನ್ನು ಬಲ್ಲ ಕನ್ನಡಿಗನಿಗೆ ಹರಿಶ್ಚಂದ್ರನೆಂದರೆ ಸತ್ಯದ ಪ್ರತಿಮೂರ್ತಿ. ಆದರೆ ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯ ಹರಿಶ್ಚಂದ್ರನು, ಹುಟ್ಟಿದ ಮಗನನ್ನು ವರುಣನಿಗೆ ಅರ್ಪಿಸುವೆನೆಂದು ಮಾತು ಕೊಟ್ಟು ಗಡುವನ್ನು ಮುಂದೂಡುತ್ತಲೇ ಹೋಗುತ್ತಾನೆ: ಹತ್ತು ದಿನ ತುಂಬಲಿ, ಹಲ್ಲು ಬರಲಿ, ಹಲ್ಲು ಬೀಳಲಿ, ಮತ್ತೆ ಬರಲಿ, ಆಯುಧ ಹಿಡಿಯುವಂತಾಗಲಿ! ಮಗನಾದ ರೋಹಿತನು ಕಾಡಿಗೆ ಓಡಿಹೋಗುತ್ತಾನೆ. ತಂದೆಗೆ ಹೊಟ್ಟೆಯುಬ್ಬರದ ರೋಗ ಹಿಡಿಯುತ್ತದೆ. ಕಡೆಗೆ ರೋಹಿತನು ಅಜೀಗರ್ತನೆಂಬ ಬಡ ಬ್ರಾಹ್ಮಣನಿಗೆ 100 ಹಸುಗಳನ್ನು ಕೊಟ್ಟು ಅವನ ನಡುವಣ ಮಗನಾದ ಶುನಃಶೇಪನನ್ನು ತನಗೆ ಬದಲಾಗಿ ಕೊಂಡು ತರುತ್ತಾನೆ. ಹಿರಿಯವನನ್ನು ತಂದೆ ಬಿಡಲಿಲ್ಲ, ಕಿರಿಯವನನ್ನು ತಾಯಿ ಬಿಡಲಿಲ್ಲ. ಯೂಪಕ್ಕೆ ಕಟ್ಟಲು ಯಾರೂ ಒಪ್ಪದಿರಲು ಅಜೀಗರ್ತನೇ ಇನ್ನೂ 100 ಹಸುಗಳಿಗೆ ಕಟ್ಟುತ್ತಾನೆ. ಕೊಲ್ಲುವುದಕ್ಕೆ ಮತ್ತೆ 100. ಆಗ ಹುಡುಗನು ದೇವತೆಗಳನ್ನು ಒಬ್ಬರಾದ ಮೇಲೊಬ್ಬರಂತೆ ಸ್ತುತಿಸುತ್ತಾನೆ. ಕೊನೆಯಲ್ಲಿ ಉಷಸ್ಸನ್ನು ಕುರಿತ ಒಂದೊಂದು ಋಕ್ಕಿಗೂ ಕಟ್ಟು ಸಡಿಲುತ್ತದೆ, ದೊರೆಯ ರೋಗವೂ ಇಳಿಯುತ್ತದೆ. ಬಿಡುಗಡೆಯಾದ ಮೇಲೆ ತಂದೆ ಕರೆದರೆ ಮಗನು ಹೋಗುವುದಿಲ್ಲ; ನನಗಿಂತ 300 ಹಸುಗಳು ನಿನಗೆ ಹೆಚ್ಚಾದುವಲ್ಲ ಎಂದು ಮುಖದೆದುರಿಗೇ ಹೇಳಿ ವಿಶ್ವಾಮಿತ್ರನ ಮಗನಾಗುತ್ತಾನೆ.

ಉಪಾಧ್ಯಾಯರು ಪುಸ್ತಕವನ್ನು ಮುಚ್ಚಿ ಯೋಚಿಸಿದರು. ಅಬ್ರಹಾಮನ ದೇವರು ಆಜ್ಞಾಪಿಸುವ ಒಡೆಯ. ವರುಣನು ಸಾಲ ವಸೂಲಿಗೆ ಬಂದ ಧಣಿ. ಆರ್ಟೆಮಿಸಳು ಮುನಿದ ದೇವತೆ. ಜನರು ಯಾರಿಗೆ ಅಂಜಿ ಬಾಳಿದರೋ ಅವರ ಮುಖವನ್ನೇ ದೇವರಿಗೆ ಕೊಟ್ಟರೆಂದು ತೋರುತ್ತದೆ. ಆದರೆ ಹೇಳುವವರ ಮನಸ್ಸು ಆ ಭಯದಲ್ಲಿಯೇ ನಿಲ್ಲಲಾರದೆ ಟಗರನ್ನೋ ಜಿಂಕೆಯನ್ನೋ ಋಕ್ಕನ್ನೋ ಹುಡುಕಿತು. ಹುಡುಕದೆ ಬಿಟ್ಟ ಎರಡು ಕಡೆಗಳಲ್ಲಿ, ಯೆಫ್ತಾಹನ ಮನೆಯಲ್ಲಿಯೂ ಈಸ್ಕಿಲಸನ ನಾಟಕದಲ್ಲಿಯೂ, ಸತ್ತವರು ಹೆಣ್ಣುಮಕ್ಕಳೇ ಎಂಬುದು ಅವರ ಲಕ್ಷ್ಯಕ್ಕೆ ಬಾರದೆ ಹೋಗಲಿಲ್ಲ. ಅಂಗಳದಲ್ಲಿ ಮೊಮ್ಮಗಳು ಆಡುತ್ತಿದ್ದಳು.

ಕೊನೆಗೆ ಅವರು ಸಿರಿಯಾಳನ ಕಡೆಗೇ ಹಿಂದಿರುಗಿದರು. ಕನ್ನಡ ತೆಲುಗುಗಳಲ್ಲಿ ಕಂಚಿಯ ವರ್ತಕನಾದ ಈತನು, 12ನೆಯ ಶತಮಾನದ ತಮಿಳು ಕವಿ ಸೇಕ್ಕಿಳಾರರ ಪೆರಿಯ ಪುರಾಣದಲ್ಲಿ ಸಿರುತ್ತೊಂಡನೆಂಬ ಸೇನಾಪತಿ. ವಾತಾಪಿಯನ್ನು, ಎಂದರೆ ಇಂದಿನ ಬಾದಾಮಿಯನ್ನು, ಗೆದ್ದವನು. ಅಲ್ಲಿ ತಂದೆತಾಯಿಗಳು ಹಿಡಿದುಕೊಂಡಾಗ ಮಗುವು, ಇವರು ಸಂತೋಷದಲ್ಲಿದ್ದಾರೆಂದು ತಿಳಿದು ನಗುತ್ತದೆ. ಅದನ್ನು ಯಾರೂ ಕೇಳಲಿಲ್ಲವೆಂಬುದನ್ನು ಕವಿ ಮರೆಮಾಡಿಲ್ಲ. ಆದರೆ ಎಲೆ ಹಾಕಿ ಬಡಿಸಿದ ಮೇಲೆ ಅತಿಥಿಯು ಕೈಯಿಕ್ಕಲೊಲ್ಲನು. ಮಗನಿದ್ದರೆ ಅವನೂ ಜೊತೆಗೆ ಕುಳಿತುಕೊಳ್ಳಲಿ ಎನ್ನುತ್ತಾನೆ. ಅವನು ಈಗ ಒದಗುವುದಿಲ್ಲವೆಂದು ತಂದೆ ಹೇಳಿದರೂ ಬಿಡದೆ, ಹೊರಗೆ ಹೋಗಿ ಕರೆಯೆನ್ನುತ್ತಾನೆ. ದಂಪತಿಗಳು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾರೆ. ಹುಡುಗನು ಮಠದಿಂದ ಓದು ಬಿಟ್ಟು ಬರುವವನಂತೆ ಓಡಿಬರುತ್ತಾನೆ. ಒಳಗೆ ಹೋಗಿ ನೋಡಿದರೆ ಅತಿಥಿಯೂ ಇಲ್ಲ, ಆ ಅಡಿಗೆಯೂ ಇಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅವರು ಮೊಮ್ಮಗಳನ್ನು ಹತ್ತಿರಕ್ಕೆ ಕರೆದರು. "ನೀನು ಕೇಳಿದುದು ಸರಿ, ಮಗು. ಆ ಹುಡುಗನನ್ನು ಅಪ್ಪನೂ ಕೇಳಲಿಲ್ಲ, ಅಮ್ಮನೂ ಕೇಳಲಿಲ್ಲ, ಅದು ತಪ್ಪೇ. ಆದರೆ ಅವನು ಎಲ್ಲಿ ಎಂದು ಶಿವನು ಕೇಳಿದ. ಅವನಿಲ್ಲದೆ ಉಣ್ಣಲಾರೆನೆಂದ" ಎಂದರು.

ಹುಡುಗಿ ಯೋಚಿಸಿ, "ಹಾಗಾದರೆ ಶಿವನು ಉಣ್ಣಲೇ ಇಲ್ಲ, ಅಲ್ಲವೇ ಅಜ್ಜಾ?" ಎಂದಳು.

"ಉಣ್ಣಲಿಲ್ಲ" ಎಂದರು ಅಜ್ಜ. ಈ ಸಲ ಆ ಉತ್ತರ ಅವರಿಗೂ ರುಚಿಸಿತು.